ದೂರದಿಂದ ಬಂದವರಿಗೆ ಒಂದು ಲೋಟ ನೀರು

ಪ್ರಿಯ ಓದುಗರೇ,

ಅಕ್ಟೋಬರ್ ಕೊನೆಗೆ ನಮ್ಮ ಬೀದಿಯ ಮೆಕ್ಸಿಕನ್ ಅಂಗಡಿಯ ಮುಂದೆ ಚೆಂಡುಹೂವಿನ ರಾಶಿ ಬೀಳುತ್ತದೆ. ಹೋದ ವರ್ಷ ದೀಪಾವಳಿಗೆ ಆಯಿತು ಅಂತ ಎರಡು ಕಟ್ಟು ತೆಗೆದುಕೊಂಡೆ. ಅಂಗಡಿಯಾಕೆ ಮೆತ್ತಗೆ ಕೇಳಿದರು: "ಯಾರಿಗೆ?"

ಅವರು ಕೇಳಿದ್ದು ತೀರಿಕೊಂಡವರ ಬಗ್ಗೆ. ನವೆಂಬರ್ 1 ಮತ್ತು 2 ಅವರಿಗೆ ದಿಯಾ ದೆ ಮುಯೆರ್ತೋಸ್, ಹೋದವರು ಮನೆಗೆ ಬರುವ ದಿನ. ಮೊದಲ ದಿನ ಮಕ್ಕಳು ಬರುತ್ತಾರೆ, ಮರುದಿನ ದೊಡ್ಡವರು. ಮನೆಯಲ್ಲಿ ಒಫ್ರೆಂದಾ ಜೋಡಿಸುತ್ತಾರೆ. ಅಂದರೆ ಫೋಟೊ, ಮೇಣದಬತ್ತಿ, ಕೋಪಾಲ್ ಧೂಪ, ಉಪ್ಪು, ಸಿಹಿ ಬ್ರೆಡ್ಡು, ಜೊತೆಗೆ ಅವರವರ ಇಷ್ಟದ ಅಡುಗೆ. ಅಜ್ಜನಿಗೆ ಟಕೀಲಾ ಇಷ್ಟವಿದ್ದರೆ ಅದೂ ಉಂಟು. ಪಕ್ಕದಲ್ಲಿ ಒಂದು ಲೋಟ ನೀರು. ಅಷ್ಟು ದೂರದಿಂದ ಬಂದವರಿಗೆ ಬಾಯಾರಿಕೆ ಆಗಿರುತ್ತೆ, ಅಲ್ವಾ? ದಾರಿ ತಪ್ಪದಿರಲಿ ಅಂತ ಬಾಗಿಲಿನಿಂದ ಮೇಜಿನವರೆಗೆ ಚೆಂಡುಹೂವಿನ ಎಸಳು ಚೆಲ್ಲಿರುತ್ತಾರೆ. ಅವರ ಬಾಯಲ್ಲಿ ಅದು ಸೆಂಪಾಸೂಚಿಲ್. ಅದರ ತವರೇ ಮೆಕ್ಸಿಕೊ. ನಮ್ಮ ಬಾಗಿಲ ತೋರಣಕ್ಕೆ ಅದು ಕಡಲು ದಾಟಿ ಬಂದದ್ದು.

ಇದನ್ನೆಲ್ಲ ಕೇಳುತ್ತಾ ನನಗೆ ಊರಿನ ಮಹಾಲಯ ಅಮಾವಾಸ್ಯೆ ನೆನಪಾಯಿತು. ನಮ್ಮ ಕಡೆ ಹಿರಿಯರಿಗೆ ಎಡೆ ಇಡುತ್ತೇವೆ. ಬಾಳೆಲೆ, ಹೊಸ ಬಟ್ಟೆ, ಬಾಡೂಟ, ತಾತನಿಗೆ ಬೀಡಿ. ಆಮೇಲೆ ಬಾಗಿಲು ಮುಚ್ಚಿ, ಅವರು ಉಣ್ಣಲಿ ಅಂತ ಹೊರಗೆ ಸುಮ್ನೆ ಕಾಯುತ್ತೇವೆ. ಚಿಕ್ಕವನಿದ್ದಾಗ ಆ ಬಾಗಿಲಿಗೆ ಕಿವಿ ಕೊಟ್ಟು ಕೂತಿರುತ್ತಿದ್ದೆ.

ನಮ್ಮದು ಮನೆಯೊಳಗಿನ ಹಬ್ಬ. ಅವರಲ್ಲಿ ಊರಿಗೆ ಊರೇ ಸ್ಮಶಾನಕ್ಕೆ ಹೋಗುತ್ತದೆ. ಮಿಚೊವಾಕಾನ್ ರಾಜ್ಯದ ಪಾತ್ಸ್‌ಕ್ವಾರೊ ಸರೋವರದ ನಡುವೆ ಹನಿತ್ಸಿಯೊ ಎಂಬ ದ್ವೀಪವಿದೆ. ಅಲ್ಲಿನ ಪುರೆಪೆಚಾ ಜನ ರಾತ್ರಿಯಿಡೀ ಸಮಾಧಿಗಳ ಪಕ್ಕ ದೀಪ ಹಚ್ಚಿಕೊಂಡು ಕೂರುತ್ತಾರೆ. ಪಕ್ಕದ ಸಮಾಧಿಯವರು, ಅದರ ಪಕ್ಕದವರು, ಎಲ್ಲರೂ ಅಲ್ಲೇ ಇರುತ್ತಾರೆ. ಯಾರೂ ಒಬ್ಬರೇ ಅಳಬೇಕಾಗಿಲ್ಲ. ಮೆಕ್ಸಿಕೊ ಸಿಟಿಯ ದೊಡ್ಡ ಮೆರವಣಿಗೆ ಈಚಿನದು. ಜೇಮ್ಸ್ ಬಾಂಡ್ ಸಿನಿಮಾವೊಂದು ಅಂಥದ್ದನ್ನು ತೋರಿಸಿದ ಮೇಲೆ 2016ರಲ್ಲಿ ಶುರುವಾಯಿತು. ಚೆನ್ನಾಗಿಯೇ ಇರುತ್ತದೆ. ಆದರೆ ನನಗೆ ಹೋಗಿ ಕೂರಬೇಕು ಅನಿಸುವುದು ಆ ದ್ವೀಪದಲ್ಲೇ.

ಅಮ್ಮ ಹೋದಾಗ ನಾನಿನ್ನೂ ವಿಮಾನದಲ್ಲಿದ್ದೆ. ನಮ್ಮಲ್ಲಿ ಎಷ್ಟೋ ಜನರ ಕಥೆ ಹೀಗೇ. ಹನ್ನೊಂದನೇ ದಿನ ಮುಗಿಸಿ ವಾಪಸ್ ಬರುತ್ತೇವೆ, ಸೋಮವಾರ ಆಫೀಸಿಗೆ ಹೋಗುತ್ತೇವೆ. ಅಮ್ಮನ ವಿಷಯ ಇಲ್ಲಿ ಯಾರ ಹತ್ತಿರ ಮಾತಾಡುವುದು? ಹಾಗಾಗಿ ಆ ದಿನ "ಯಾರಿಗೆ?" ಎಂದು ಕೇಳಿದಾಗ "ಅಮ್ಮನಿಗೆ" ಎಂದುಬಿಟ್ಟೆ. ಅವರು ಇನ್ನೊಂದು ಕಟ್ಟು ಹೂ ಸೇರಿಸಿ, ಅಮ್ಮನಿಗೆ ಏನು ಇಷ್ಟ ಎಂದು ಕೇಳಿದರು. ಫಿಲ್ಟರ್ ಕಾಫಿ, ಸಕ್ಕರೆ ಜಾಸ್ತಿ.

ಈ ಸಲ ನಮ್ಮ ನವೆಂಬರ್ ಕೂಟದಲ್ಲಿ ಒಂದು ಮೇಜು ಹಾಕುತ್ತಿದ್ದೇವೆ. ನಿಮ್ಮವರ ಫೋಟೊ ತನ್ನಿ. ಅವರಿಗೆ ಏನು ಇಷ್ಟವಿತ್ತು ಅಂತ ಮೊದಲೇ ತಿಳಿಸಿ, ಎಲ್ಲ ಸೇರಿ ಅಡುಗೆ ಮಾಡೋಣ. ಅಂಗಡಿಯಾಕೆಯನ್ನೂ ಕರೆದಿದ್ದೇನೆ. ಹೂವು ಅವರೇ ತರುತ್ತಾರಂತೆ.

— ಸಂಪಾದಕ