ಅಳತೆ ನೋಡದೆ ಎಂಜಿನ್ ಪಾರ್ಟ್ಸ್ ಬದಲಾಯಿಸಿದ ಬಗ್ಗೆ ದೂರು

ಇವರಿಗೆ,
ಸರ್ವಿಸ್ ಮ್ಯಾನೇಜರ್
(ಪ್ರತಿ: ಬೈಕ್ ಕಂಪನಿಯ ಗ್ರಾಹಕ ವಿಭಾಗಕ್ಕೆ)

ಮಾನ್ಯರೇ,

ಕಳೆದ ತಿಂಗಳು ನನ್ನ ಬೈಕಿನ ಎಂಜಿನ್ ಬಿಚ್ಚಿ ಪಿಸ್ಟನ್ ರಿಂಗ್ ಸೆಟ್ (ಪಿಸ್ಟನ್ ಸುತ್ತ ಕೂತು ಆಯಿಲ್ ಮೇಲೇರದಂತೆ ತಡೆಯುವ ಬಳೆಗಳು) ಮತ್ತು ಟೈಮಿಂಗ್ ಚೈನ್ (ವಾಲ್ವ್‌ಗಳು ಸರಿಯಾದ ಹೊತ್ತಿಗೆ ತೆರೆದು ಮುಚ್ಚುವಂತೆ ಮಾಡುವ ಎಂಜಿನ್ ಒಳಗಿನ ಚೈನ್) ಬದಲಾಯಿಸಿ ಕೊಟ್ಟಿದ್ದೀರಿ. ಸೈಲೆನ್ಸರಿನಿಂದ ನೀಲಿ ಹೊಗೆ, ಅಂದರೆ ಆಯಿಲ್ ಉರಿದ ಹೊಗೆ, ಬರುತ್ತಿದೆ ಎಂದು ತಂದಿದ್ದೆ. ಹೊಗೆ ಈಗಲೂ ಹಾಗೇ ಇದೆ. ಮೊದಲು ಇಲ್ಲದಿದ್ದ ಆಯಿಲ್ ಲೀಕ್ ಹೊಸದಾಗಿ ಶುರುವಾಗಿದೆ. ಬಿಲ್ ಮಾತ್ರ ಪೂರ್ತಿ ಕಟ್ಟಿದ್ದೇನೆ.

ಬೈಕ್ ಬಿಡುವಾಗಲೇ ನಿಮ್ಮ ಸರ್ವಿಸ್ ಅಡ್ವೈಸರ್‌ಗೆ ಎಲ್ಲ ಬಿಡಿಸಿ ಹೇಳಿದ್ದೆ. ರಾತ್ರಿಯೆಲ್ಲ ನಿಂತ ಗಾಡಿಯನ್ನು ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದಿಷ್ಟು ಹೊಗೆ ಬಂದು ನಿಲ್ಲುತ್ತದೆ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಇಳಿದು, ಮತ್ತೆ ತಿರುವಿದಾಗ ಬರುತ್ತದೆ. ಏರಿನಲ್ಲಿ ಎಂಜಿನ್ ಮೇಲೆ ಭಾರ ಬಿದ್ದಾಗ ಬರುವುದಿಲ್ಲ. ಪಿಕಪ್ ಕಡಿಮೆಯಾಗಿಲ್ಲ. ಇದನ್ನು ಕೇಳಿದ ಯಾವ ಮೆಕ್ಯಾನಿಕ್‌ಗಾದರೂ ಮೊದಲು ಅನುಮಾನ ಬರಬೇಕಾದದ್ದು ವಾಲ್ವ್ ಸೀಲ್ (ವಾಲ್ವ್ ಪಕ್ಕದಿಂದ ಆಯಿಲ್ ಇಳಿಯದಂತೆ ತಡೆಯುವ ರಬ್ಬರ್) ಮೇಲೆ, ಅಲ್ವಾ? ಸೀಲ್ ಹಳತಾಗಿ ಗಟ್ಟಿಯಾಗಿದ್ದರೆ ನಿಂತ ಗಾಡಿಯಲ್ಲಿ ಆಯಿಲ್ ನಿಧಾನಕ್ಕೆ ಸಿಲಿಂಡರ್ ಕಡೆಗೆ ಇಳಿಯುತ್ತದೆ. ಆಕ್ಸಿಲರೇಟರ್ ಮುಚ್ಚಿದಾಗ ಎಂಜಿನ್ನಿನ ಎಳೆತ ಜಾಸ್ತಿಯಾಗಿ ಆಯಿಲ್ಲನ್ನು ಒಳಕ್ಕೆ ಹೀರುತ್ತದೆ. ರಿಂಗ್ ಸವೆದಿದ್ದರೆ ಸಾಮಾನ್ಯವಾಗಿ ಭಾರ ಎಳೆಯುವಾಗಲೇ ಹೊಗೆ ಎದ್ದು ಕಾಣುತ್ತದೆ.

ಲಕ್ಷಣ ನೋಡಿದ ಮಾತ್ರಕ್ಕೆ ಖಚಿತವಾಗಿ ಹೇಳಲಾಗದು, ಒಪ್ಪುತ್ತೇನೆ. ಟೆಸ್ಟ್ ಇರುವುದೇ ಅದಕ್ಕೆ. ಸಿಲಿಂಡರ್ ಒಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಹಾಕಿ ಒಮ್ಮೆ ನೋಡಬೇಕು. ಕಡಿಮೆ ತೋರಿಸಿದರೆ ಸ್ಪಾರ್ಕ್ ಪ್ಲಗ್ ತೂತಿನಿಂದ ಸ್ವಲ್ಪ ಆಯಿಲ್ ಬಿಟ್ಟು ಮತ್ತೊಮ್ಮೆ ನೋಡಬೇಕು. ಆಗ ಏರಿದರೆ ರಿಂಗ್ ಅಥವಾ ಬೋರ್ (ಸಿಲಿಂಡರಿನ ಒಳಗೋಡೆ) ಸವೆದಿದೆ ಎಂದು ಗೊತ್ತಾಗುತ್ತದೆ. ಎಂಜಿನ್ ಬಿಚ್ಚುವುದಕ್ಕೆ ಮುಂಚೆಯೇ ಆಗುವ ಕೆಲಸ ಇದು. ಮಾಡಿದ ಕೆಲಸ ಬರೆದಿಡುವ ನನ್ನ ಜಾಬ್ ಕಾರ್ಡಿನಲ್ಲಿ ಒಂದು ರೀಡಿಂಗ್ ಕೂಡ ಇಲ್ಲ. ಕೇಳಿದರೆ "ಸೌಂಡಲ್ಲೇ ಗೊತ್ತಾಗುತ್ತೆ ಸರ್" ಎಂದರು. ಹಲ್ಲುನೋವು ಎಂದು ಹೋದವನಿಗೆ ಮುಖ ನೋಡಿಯೇ ಕನ್ನಡಕ ಬರೆದುಕೊಟ್ಟ ಹಾಗಾಯಿತು.

ಬಿಚ್ಚಿದ ಮೇಲಾದರೂ ಅಳೆದರೇ? ಹಳೆಯ ರಿಂಗನ್ನು ಬೋರಿನೊಳಗೆ ನೇರವಾಗಿ ಕೂರಿಸಿ, ಅದರ ಬಾಯಿಯ ಸಂದನ್ನು ಫೀಲರ್ ಗೇಜಿನಿಂದ (ಸಂದು ಅಳೆಯುವ ತೆಳು ಪಟ್ಟಿಗಳಿಂದ) ಅಳೆದು, ಮ್ಯಾನ್ಯುಯಲ್‌ನ ಮಿತಿಗೆ ಹೋಲಿಸಿದ್ದರೆ ಅದು ಸವೆದಿತ್ತೋ ಇಲ್ಲವೋ ಅಲ್ಲೇ ತಿಳಿಯುತ್ತಿತ್ತು. ಬೋರ್ ಅಂಡಾಕಾರಕ್ಕೆ ತಿರುಗಿದೆಯೇ ಎಂದೂ ನೋಡಬೇಕಿತ್ತು. ಹಾಗೆ ತಿರುಗಿದ್ದರೆ ಹೊಸ ರಿಂಗ್ ಹಾಕಿ ಪ್ರಯೋಜನವಿಲ್ಲ, ಬೋರನ್ನು ಕೊರೆದು ಅಗಲ ಮಾಡಿ (ರೀಬೋರ್) ಅದಕ್ಕೆ ತಕ್ಕ ಓವರ್‌ಸೈಜ್ ಪಿಸ್ಟನ್ ಹಾಕಬೇಕಾಗುತ್ತದೆ. ಈ ಯಾವ ಅಳತೆಯೂ ಬರೆದಿಲ್ಲ. ನುಣುಪಾದ ಹಳೆಯ ಬೋರಿಗೆ ಹೋನಿಂಗ್ (ಕಲ್ಲಿನಿಂದ ಉಜ್ಜಿ ಸಣ್ಣ ಗೀರು ಮೂಡಿಸುವುದು) ಮಾಡಿದ ದಾಖಲೆಯೂ ಇಲ್ಲ. ಅದಿಲ್ಲದೆ ಹೊಸ ರಿಂಗ್ ಸರಿಯಾಗಿ ಕೂರುವುದು ಕಷ್ಟ.

ನನಗೆ ಹೆಚ್ಚು ಸಿಟ್ಟು ತರಿಸಿದ್ದು ಬಿಲ್. ಗ್ಯಾಸ್ಕೆಟ್ ಎಂದರೆ ಎರಡು ಭಾಗ ಕೂಡುವಲ್ಲಿ ಸೋರದಂತೆ ಇಡುವ ತೆಳು ಪದರ. ಬಿಲ್ಲಿನಲ್ಲಿ ಸಿಲಿಂಡರ್ ಮೇಲಿನ ಹೆಡ್ ಗ್ಯಾಸ್ಕೆಟ್ ಇದೆ, ಸಿಲಿಂಡರ್ ಕೆಳಗಿನ ಬೇಸ್ ಗ್ಯಾಸ್ಕೆಟ್ ಇಲ್ಲ. ರಿಂಗ್ ಬದಲಾಯಿಸಲು ಸಿಲಿಂಡರ್ ಎತ್ತಲೇಬೇಕು. ಎತ್ತಿದರೆ ಬೇಸ್ ಗ್ಯಾಸ್ಕೆಟ್ ಹೊಸದು ಹಾಕಲೇಬೇಕು. ಈಗ ಆಯಿಲ್ ಜಿನುಗುತ್ತಿರುವುದು ಸರಿಯಾಗಿ ಸಿಲಿಂಡರ್ ಬುಡದಲ್ಲೇ. ಹಳೆಯ ಗ್ಯಾಸ್ಕೆಟ್ಟನ್ನೇ ಒರೆಸಿ ಕೂರಿಸಿದ್ದಾರೆ ಎಂದಲ್ಲದೆ ನಾನು ಬೇರೇನು ಅಂದುಕೊಳ್ಳಲಿ?

ಟೈಮಿಂಗ್ ಚೈನ್ ವಿಷಯ ಬೇರೆ. ನಾನು ಅದನ್ನು ಕೇಳಿರಲೇ ಇಲ್ಲ, ಶಬ್ದವೂ ಇರಲಿಲ್ಲ. "ಹೇಗೂ ಬಿಚ್ಚಿದ್ವಿ, ಸುಮ್ನೆ ಹಾಕಿಬಿಟ್ವಿ" ಎಂದರು. ಫೋನ್ ಮಾಡಿ ಒಂದು ಮಾತು ಕೇಳುವುದಕ್ಕೆ ಏನಾಗಿತ್ತು? ಚೈನ್ ಸವೆದಿದ್ದರೆ ಅದನ್ನು ದಾರಿಯಲ್ಲಿಡುವ ಗೈಡ್ ಮತ್ತು ಬಿಗಿಯಾಗಿಡುವ ಟೆನ್ಷನರ್ ಕೂಡ ನೋಡಬೇಕು. ಅವುಗಳ ಬಗ್ಗೆ ಜಾಬ್ ಕಾರ್ಡಿನಲ್ಲಿ ಒಂದಕ್ಷರವೂ ಇಲ್ಲ. ಹಳೆಯ ಪಾರ್ಟ್ಸ್ ಕೊಡಿ ಎಂದರೆ ಸ್ಕ್ರ್ಯಾಪ್‌ಗೆ ಹೋಯಿತು ಎಂಬ ಉತ್ತರ ಬಂತು. ಅವು ನನ್ನ ವಸ್ತುಗಳು. ನನ್ನನ್ನು ಕೇಳದೆ ಎಸೆಯುವ ಹಕ್ಕು ಯಾರು ಕೊಟ್ಟರು?

ನಿಮ್ಮ ಮೆಕ್ಯಾನಿಕ್ ಹುಡುಗರನ್ನು ನಾನು ದೂರುತ್ತಿಲ್ಲ. ದಿನಕ್ಕೆ ಇಷ್ಟು ಗಾಡಿ ಮುಗಿಸಬೇಕು ಎಂದು ಒತ್ತಡ ಹಾಕಿದರೆ ಗೇಜ್ ಹಿಡಿಯುವ ಪುರಸೊತ್ತು ಅವರಿಗೆಲ್ಲಿ?

ನನಗೆ ಆಗಬೇಕಾದದ್ದು ಇಷ್ಟು. ನನ್ನ ಎದುರಿನಲ್ಲೇ ಕಂಪ್ರೆಷನ್ ಟೆಸ್ಟ್ ಮಾಡಿ ರೀಡಿಂಗ್ ಬರೆದುಕೊಡಿ. ಹೆಡ್ ಇಳಿಸಿ ವಾಲ್ವ್ ಗೈಡ್ (ವಾಲ್ವ್ ಮೇಲೆ ಕೆಳಗೆ ಓಡಾಡುವ ಕೊಳವೆ) ಸವೆದಿದೆಯೇ ನೋಡಿ. ಗೈಡಿನೊಳಗೆ ವಾಲ್ವ್ ಅಲ್ಲಾಡುತ್ತಿದ್ದರೆ ಬರೀ ಸೀಲ್ ಬದಲಾಯಿಸಿದರೆ ಜಾಸ್ತಿ ದಿನ ಬಾಳುವುದಿಲ್ಲ. ಎರಡೂ ಗ್ಯಾಸ್ಕೆಟ್ ಹೊಸದು ಹಾಕಿ, ಬೋಲ್ಟ್‌ಗಳನ್ನು ಬಿಗಿತ ಅಳೆಯುವ ಟಾರ್ಕ್ ರೆಂಚಿನಲ್ಲೇ ಬಿಗಿ ಮಾಡಿ. ಈ ಕೆಲಸದ ಕೂಲಿಯನ್ನಾಗಲಿ, ಗ್ಯಾಸ್ಕೆಟ್ ಮತ್ತು ಆಯಿಲ್ ಖರ್ಚನ್ನಾಗಲಿ ನಾನು ಕೊಡುವುದಿಲ್ಲ. ಸೀಲ್ ಬೆಲೆ ಕೊಡುತ್ತೇನೆ. ಗೈಡ್ ಬದಲಾಯಿಸಬೇಕಾಗಿ ಬಂದರೆ ಮೊದಲು ಸವೆತ ತೋರಿಸಿ, ಆಮೇಲೆ ಮಾತಾಡೋಣ. ಕೇಳದೆ ಹಾಕಿದ ಚೈನಿನ ಹಣ ವಾಪಸ್ ಬೇಕು. ತೆಗೆದ ಪ್ರತಿಯೊಂದು ಪಾರ್ಟ್ ನನ್ನ ಕೈಗೆ ಬರಬೇಕು.

ಹದಿನೈದು ದಿನದೊಳಗೆ ಬರಹದಲ್ಲಿ ಉತ್ತರ ಕೊಡಿ. ಫೋನಿನಲ್ಲಿ ಸಮಾಧಾನ ಹೇಳುವುದು ಬೇಡ. ಅಲ್ಲಿಯವರೆಗೆ ಗಾಡಿ ಓಡಿಸುವುದಿಲ್ಲ, ಬೇರೆ ಕಡೆ ಬಿಚ್ಚಿಸುವುದೂ ಇಲ್ಲ. ನೀವು ಮಾಡಿದ ಕೆಲಸ ಹೇಗಿದೆಯೋ ಹಾಗೇ ಇರಲಿ, ಬಂದು ನೋಡಿ.

ಇಂತಿ,
ನಿಮ್ಮ ಗ್ರಾಹಕ

ಲಗತ್ತು: ಜಾಬ್ ಕಾರ್ಡ್, ಬಿಲ್ ಪ್ರತಿ, ಆಯಿಲ್ ಲೀಕ್ ಆಗುತ್ತಿರುವ ಜಾಗದ ಫೋಟೊ