ಲಸಿಕೆ ಹಾಕಿಸಿಕೊಂಡರೂ ರಕ್ಷಣೆ ಸಿಗದವರಿಗೆ ಏನು ವ್ಯವಸ್ಥೆ?

ತುಮಕೂರು ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳಿಗೆ ನಮಸ್ಕಾರ.

ನಾನು ಪಾವಗಡ ಕಡೆಯ ಒಂದು ನರ್ಸಿಂಗ್ ಹೋಮಿನ ಲ್ಯಾಬ್ ಟೆಕ್ನಿಷಿಯನ್. ರಕ್ತದಿಂದ ಹರಡುವ ಯಕೃತ್ತಿನ ಸೋಂಕು ಹೆಪಟೈಟಿಸ್ ಬಿ. ಅದರ ಲಸಿಕೆಯ ಮೂರು ಡೋಸ್ ಮುಗಿಸಿದೆ. ರಕ್ತದಲ್ಲಿ ರಕ್ಷಣೆ ಎಷ್ಟು ಬಂದಿದೆ ಎಂದು ಅಳೆಯುವ ಟೈಟರ್, ಕನಿಷ್ಠ ಬೇಕಾದ 10 ಮುಟ್ಟಲಿಲ್ಲ. ಇನ್ನೊಂದು ಸುತ್ತು ಮೂರು ಡೋಸ್ ಹಾಕಿಸಿಕೊಂಡೆ. ಆಗಲೂ ಅಷ್ಟೇ. ಸೋಂಕೂ ಇಲ್ಲ, ರಕ್ಷಣೆಯೂ ಇಲ್ಲ. ಟೆಸ್ಟ್ ದುಡ್ಡು ನನ್ನದೇ. ಮ್ಯಾನೇಜ್‌ಮೆಂಟಿಗೆ ಹೇಳಿದರೆ "ಗ್ಲೌಸ್ ಹಾಕ್ಕೊಂಡು ಕೆಲಸ ಮಾಡಿ" ಎಂದರು. ಸೂಜಿ ಗ್ಲೌಸ್ ನೋಡಿ ನಿಲ್ಲುತ್ತದೆಯೇ?

ನನ್ನಂಥವರು ಅಪರೂಪವೇನಲ್ಲ. ಆರೋಗ್ಯವಾಗಿರುವ ದೊಡ್ಡವರಲ್ಲೇ ನೂರಕ್ಕೆ 5ರಿಂದ 10 ಜನರಿಗೆ ಮೊದಲ ಸುತ್ತು ಹಿಡಿಯುವುದಿಲ್ಲ. ವಯಸ್ಸು 40 ದಾಟಿದವರು, ಸಕ್ಕರೆ ಕಾಯಿಲೆಯವರು, ಸಿಗರೇಟು ಸೇದುವವರಲ್ಲಿ ಇನ್ನೂ ಜಾಸ್ತಿ. ಇವರಲ್ಲಿ ಹಲವರಿಗೆ ಎರಡನೇ ಸುತ್ತು ಹಿಡಿಯುತ್ತದೆ. ಆದರೆ ಟೆಸ್ಟ್ ಮಾಡಿದರೆ ತಾನೇ ಗೊತ್ತಾಗುವುದು? ಅದೂ ಕೊನೆಯ ಡೋಸ್ ಆಗಿ ಒಂದೆರಡು ತಿಂಗಳಲ್ಲೇ ಮಾಡಬೇಕು. ವರ್ಷಗಟ್ಟಲೆ ಬಿಟ್ಟು ಮಾಡಿದರೆ ಲಸಿಕೆ ಹಿಡಿಯಲೇ ಇಲ್ಲವೋ, ಹಿಡಿದು ಟೈಟರ್ ಇಳಿದಿದೆಯೋ ಹೇಳುವುದು ಕಷ್ಟ.

2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಂತೆ ತ್ಯಾಜ್ಯ ಮುಟ್ಟುವವರಿಗೂ ಆಸ್ಪತ್ರೆಯೇ ಈ ಲಸಿಕೆ ಹಾಕಿಸಬೇಕು. ರಿಜಿಸ್ಟರಿನಲ್ಲಿ ಟಿಕ್ ಬೀಳುತ್ತದೆ, ಕಥೆ ಮುಗಿಯಿತು. ಹಳದಿ ಚೀಲದೊಳಗೆ ಯಾರೋ ಎಸೆದ ಸೂಜಿ ಚುಚ್ಚಿಸಿಕೊಳ್ಳುವ ಹೊರಗುತ್ತಿಗೆ ಹೆಣ್ಣುಮಗಳ ಟೈಟರ್ ಯಾರು ನೋಡಿದ್ದಾರೆ?

ನಾವೆಲ್ಲ ಎಚ್‌ಐವಿಗೆ ಹೆದರುತ್ತೇವೆ. ಸೋಂಕಿರುವವರ ರಕ್ತದ ಸೂಜಿ ಚುಚ್ಚಿದರೆ ಅದು ತಗಲುವ ಸಂಭವ ಸಾವಿರಕ್ಕೆ ಸುಮಾರು 3. ರಕ್ಷಣೆ ಇಲ್ಲದವರಿಗೆ ಅಂಥ ಸೂಜಿಯಿಂದ ಹೆಪಟೈಟಿಸ್ ಬಿ ತಗಲುವ ಸಂಭವ ನೂರಕ್ಕೆ 6ರಿಂದ 30. ಎರಡು ಸುತ್ತೂ ಹಿಡಿಯದ ನಮಗೆ ಆಗ ಉಳಿಯುವುದು ಇಮ್ಯುನೊಗ್ಲಾಬ್ಯುಲಿನ್, ಅಂದರೆ ಸಿದ್ಧ ಪ್ರತಿಕಾಯಗಳ ಇಂಜೆಕ್ಷನ್ ಒಂದೇ. ಸಾಧ್ಯವಾದರೆ 24 ಗಂಟೆಯೊಳಗೆ ಒಂದು, ತಿಂಗಳ ನಂತರ ಇನ್ನೊಂದು. ಬೆಲೆ ಸಾವಿರಗಳಲ್ಲಿ. 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಸೂಜಿ ಚುಚ್ಚಿಸಿಕೊಂಡ ಸಿಬ್ಬಂದಿಗೂ ಇದಕ್ಕೆ ಅವಕಾಶವಿದೆ. ಆದರೆ ಪಾವಗಡದಿಂದ ತುಮಕೂರಿಗೆ ಸುಮಾರು ನೂರು ಕಿಲೋಮೀಟರ್. ರಾತ್ರಿ ಡ್ಯೂಟಿಯಲ್ಲಿ ಸೂಜಿ ಚುಚ್ಚಿದರೆ ಎಲ್ಲಿಗೆ ಓಡಬೇಕು ಸಾರ್?

ತಾಲ್ಲೂಕು ಆಸ್ಪತ್ರೆಗಳ ಫ್ರಿಜ್‌ನಲ್ಲಿ ಈ ಇಂಜೆಕ್ಷನ್ ಇರಲಿ, ಖಾಸಗಿ ಸಿಬ್ಬಂದಿಗೂ ಸಿಗಲಿ. ಲಸಿಕೆ ರಿಜಿಸ್ಟರಿಗೆ ಟೈಟರ್ ಕಾಲಂ ಒಂದನ್ನು ಸೇರಿಸಿ. ಮತ್ತೆ, ಟೈಟರ್ ಬಂದಿಲ್ಲ ಎಂಬ ಕಾರಣಕ್ಕೆ ಯಾರನ್ನೂ ಕೆಲಸದಿಂದ ತೆಗೆಯಬಾರದು ಎಂದು ಲಿಖಿತ ಸೂಚನೆ ಕೊಡಿ. ಆ ಭಯದಿಂದಲೇ ನಾನು ಇಲ್ಲಿ ಹೆಸರು ಹಾಕಿಲ್ಲ.

ಇಂತಿ,
ಪಾವಗಡ ತಾಲ್ಲೂಕಿನ ಒಬ್ಬ ಲ್ಯಾಬ್ ಟೆಕ್ನಿಷಿಯನ್