ಕ್ರೀಡಾಂಗಣದ ಹಂಚಿಕೆ: ಮ್ಯೂನಿಕ್‌ನ ಸಮಪಾಲು ನಮಗೆ ಬೇಡ

ಮಾನ್ಯ ಸಂಪಾದಕರೇ,

ಬೆಂಗಳೂರಿನ ಕಂಠೀರವ ಕ್ರೀಡಾಂಗಣವನ್ನು ಫುಟ್‌ಬಾಲ್ ಮತ್ತು ಅಥ್ಲೆಟಿಕ್ಸ್ ಹೇಗೆ ಹಂಚಿಕೊಳ್ಳಬೇಕು ಎಂಬ ಚರ್ಚೆಯಲ್ಲಿ ಓದುಗರೊಬ್ಬರು ‘ಖರ್ಚನ್ನು ಸಮಪಾಲು ಮಾಡಿಕೊಂಡರೆ ತಕರಾರೇ ಇರುವುದಿಲ್ಲ, ಮ್ಯೂನಿಕ್‌ನ ಎರಡು ಕ್ಲಬ್‌ಗಳನ್ನು ನೋಡಿ ಕಲಿಯಬೇಕು’ ಎಂದು ಬರೆದಿದ್ದಾರೆ. ದಾವಣಗೆರೆಯವನಾದ ನಾನು ಮ್ಯೂನಿಕ್‌ನ ಗೀಸಿಂಗ್ ಬಡಾವಣೆಯಲ್ಲಿ ನೆಲೆಸಿದ್ದೇನೆ. ಲೆಕ್ಕಪತ್ರ ನೋಡುವುದೇ ನನ್ನ ವೃತ್ತಿ. ಇಲ್ಲಿಂದ ಕಲಿಯಬೇಕಾದ ಪಾಠ ಅವರು ಹೇಳಿದ್ದಕ್ಕೆ ತದ್ವಿರುದ್ಧವಾಗಿದೆ.

ಬಯರ್ನ್ ಮ್ಯೂನಿಕ್ ಮತ್ತು 1860 ಮ್ಯೂನಿಕ್ ಎಂಬ ಫುಟ್‌ಬಾಲ್ ಕ್ಲಬ್‌ಗಳು ಸೇರಿ ಅಲಿಯಾಂಜ್ ಅರೆನಾ ಕ್ರೀಡಾಂಗಣ ಕಟ್ಟಿಸಿದವು. ಜಂಟಿ ಕಂಪನಿಯಲ್ಲಿ ಇಬ್ಬರಿಗೂ ಶೇ 50ರ ಪಾಲು. ಖರ್ಚು ಸುಮಾರು 34 ಕೋಟಿ ಯೂರೊ, ಬಹುಪಾಲು ಸಾಲ. ಬಯರ್ನ್ ಆಡುವ ದಿನ ಹೊರಮೈ ಕೆಂಪಾಗಿ, 1860 ಆಡುವ ದಿನ ನೀಲಿಯಾಗಿ ಬೆಳಗುತ್ತಿತ್ತು. ನೋಡಿದವರಿಗೆ ಇದಕ್ಕಿಂತ ನ್ಯಾಯವಾದ ಹಂಚಿಕೆ ಇನ್ನೊಂದಿಲ್ಲ ಅನ್ನಿಸುತ್ತಿತ್ತು. 1860 ಸಣ್ಣ ಕ್ಲಬ್ ಎಂದು ಯಾರೂ ಭಾವಿಸಬಾರದು. 1963ರಲ್ಲಿ ಜರ್ಮನಿಯ ಮೊದಲ ದರ್ಜೆಯ ಲೀಗ್ ಬುಂಡೆಸ್‌ಲಿಗಾ ಆರಂಭವಾದಾಗ ಈ ಊರಿನಿಂದ ಸ್ಥಾನ ಪಡೆದದ್ದು 1860, ಬಯರ್ನ್ ಅಲ್ಲ.

ಆದರೆ 2005ರ ಮೇ ತಿಂಗಳಲ್ಲಿ ಅರೆನಾದ ಬಾಗಿಲು ತೆರೆಯುವ ಹೊತ್ತಿಗೆ 1860 ಎರಡನೇ ದರ್ಜೆಗೆ ಕುಸಿದು ಒಂದು ವರ್ಷವಾಗಿತ್ತು. ಟಿಕೆಟ್ ಮಾರಾಟ ಇಳಿಯಿತು, ಪ್ರಸಾರದ ಹಣ ಇಳಿಯಿತು. ಸಾಲದ ಕಂತು ಮಾತ್ರ ಇಳಿಯಲಿಲ್ಲ. ಕುರ್ಚಿ ಭರ್ತಿಯಾದರೂ ಕಂತು ಅಷ್ಟೇ, ಖಾಲಿ ಉಳಿದರೂ ಅಷ್ಟೇ. ಮರುವರ್ಷವೇ ದಿವಾಳಿಯ ಅಂಚಿಗೆ ಬಂದ ಕ್ಲಬ್ ತನ್ನ ಅರ್ಧ ಪಾಲನ್ನು 1.1 ಕೋಟಿ ಯೂರೊಗೆ ಬಯರ್ನ್‌ಗೇ ಮಾರಿತು. ಮರಳಿ ಕೊಳ್ಳುವ ಹಕ್ಕನ್ನು ಒಪ್ಪಂದದಲ್ಲಿ ಉಳಿಸಿಕೊಂಡಿತ್ತಾದರೂ ಮುಂದೆ ಅದನ್ನೂ ಬಿಟ್ಟುಕೊಟ್ಟಿತು. ಜೊತೆಗೂಡಿ ಕಟ್ಟಿಸಿದ ಮನೆಯಲ್ಲಿ ಬಾಡಿಗೆದಾರನಾಗಿ ಉಳಿದು, ಅರ್ಧಕ್ಕಿಂತ ಹೆಚ್ಚು ಖಾಲಿಯಾಗಿರುತ್ತಿದ್ದ ಗ್ಯಾಲರಿಗಳ ನಡುವೆ ಆಡಿ, 2017ರಲ್ಲಿ ಹೊರನಡೆಯಿತು. ಬಯರ್ನ್ 2014ರಲ್ಲೇ ಕ್ರೀಡಾಂಗಣದ ಸಾಲವನ್ನೆಲ್ಲ ತೀರಿಸಿತ್ತು. ಮೈದಾನ ಪೂರ್ತಿ ತನ್ನದಾದ ಮೇಲೆ ಬೂದುಬಣ್ಣದ ಕುರ್ಚಿಗಳನ್ನು ತೆಗೆಸಿ ಕೆಂಪು ಕುರ್ಚಿ ಹಾಕಿಸಿತು.

ಜಂಟಿ ಕಂಪನಿಯ ಆಡಳಿತ ನೋಡಿಕೊಳ್ಳುತ್ತಿದ್ದ, 1860 ಕ್ಲಬ್‌ನ ಅಂದಿನ ಅಧ್ಯಕ್ಷರ ಮಗ ನಿರ್ಮಾಣ ಗುತ್ತಿಗೆಯಲ್ಲಿ ಲಂಚ ಪಡೆದು ಜೈಲು ಶಿಕ್ಷೆಗೆ ಗುರಿಯಾದದ್ದೂ ನಿಜ. ಇಲ್ಲಿನ ಹಲವರು ಎಲ್ಲ ತಪ್ಪನ್ನೂ ಅವನ ತಲೆಗೇ ಕಟ್ಟುತ್ತಾರೆ. ನಾನು ಒಪ್ಪುವುದಿಲ್ಲ. ಲಂಚವೇ ಇಲ್ಲದಿದ್ದರೂ ಆ ಕಂತು ಕಟ್ಟಲು ಎರಡನೇ ದರ್ಜೆಯ ಆದಾಯ ಸಾಲುತ್ತಿರಲಿಲ್ಲ. ಆನೆಯ ಭಾರ ಆನೆಗೆ, ಇರುವೆಯ ಭಾರ ಇರುವೆಗೆ ಎನ್ನುವ ನಮ್ಮ ಗಾದೆ ಆ ಒಪ್ಪಂದ ಬರೆದವರಿಗೆ ಗೊತ್ತಿರಲಿಲ್ಲ.

ಈಗ 1860 ಆಡುವುದು ಗೀಸಿಂಗ್‌ನ ಹಳೆಯ ಗ್ರುನ್‌ವಾಲ್ಡರ್ ಕ್ರೀಡಾಂಗಣದಲ್ಲಿ. ಅದರ ಒಡೆತನ ನಗರಾಡಳಿತದ್ದು. ಸುಮಾರು 15 ಸಾವಿರ ಜನರಷ್ಟೇ ಹಿಡಿಸುವ ಮೈದಾನವದು. ಬಯರ್ನ್‌ನ ಎರಡನೇ ತಂಡವೂ ಅಲ್ಲೇ ಆಡುತ್ತದೆ. ಅಂದರೆ ಅದೇ ಎರಡು ಕ್ಲಬ್‌ಗಳು ಮತ್ತೆ ಒಂದೇ ಅಂಗಳ ಹಂಚಿಕೊಂಡಿವೆ. ಇಲ್ಲಿ ಒಬ್ಬರ ಸೋಲು ಇನ್ನೊಬ್ಬರ ಆಸ್ತಿಯಾಗುವುದಿಲ್ಲ, ಯಾಕೆಂದರೆ ಮಾಲೀಕ ಮೂರನೆಯವನು. ಇಟಲಿಯ ಮಿಲಾನ್‌ನ ಸ್ಯಾನ್ ಸಿರೊ ಕ್ರೀಡಾಂಗಣದಲ್ಲಿ ಎಸಿ ಮಿಲಾನ್ ಮತ್ತು ಇಂಟರ್ ಕ್ಲಬ್‌ಗಳು ದಶಕಗಳ ಕಾಲ ನಗರಾಡಳಿತದ ಬಾಡಿಗೆದಾರರಾಗಿ ಬಾಳಿದ್ದೂ ಹೀಗೆಯೇ. 2025ರಲ್ಲಷ್ಟೇ ಅವು ಜೊತೆಗೂಡಿ ಅದನ್ನು ಕೊಂಡವು. ಅಲ್ಲಿಯೂ ಪಾಲು ಸಮವೇ, ಆದರೆ ಆ ಎರಡರ ಗಳಿಕೆಯಲ್ಲಿ ಆನೆ–ಇರುವೆಯ ಅಂತರವಿಲ್ಲ.

ಕಂಠೀರವಕ್ಕೆ ಬರುತ್ತೇನೆ. ಇಲ್ಲಿ ಮಾಲೀಕ ರಾಜ್ಯ ಸರ್ಕಾರ. ಅದು ನಮ್ಮ ಭಾಗ್ಯ. ಆದರೆ ಹಂಚಿಕೊಳ್ಳುವವರ ನಡುವಿನ ಅಂತರ ಮ್ಯೂನಿಕ್‌ನದಕ್ಕಿಂತ ದೊಡ್ಡದು. ಫುಟ್‌ಬಾಲ್ ಕ್ಲಬ್‌ಗೆ ಟಿಕೆಟ್ ಉಂಟು, ಪ್ರಾಯೋಜಕರುಂಟು. ಬೆಳಗಿನ ಜಾವ ಡಿಸ್ಕಸ್ ಹಿಡಿದು ಬರುವ ಹುಡುಗಿಯ ಅಭ್ಯಾಸ ನೋಡಲು ಯಾರು ಟಿಕೆಟ್ ಕೊಳ್ಳುತ್ತಾರೆ? ಡಿಸ್ಕಸ್, ಹ್ಯಾಮರ್, ಜಾವೆಲಿನ್ ಬೀಳುವುದು ಫುಟ್‌ಬಾಲ್ ಆಡುವ ಅದೇ ಹುಲ್ಲಿನ ಮೇಲೆ. ಹುಲ್ಲು ಕಾಪಾಡುವ ಖರ್ಚಿನಲ್ಲಿ ಇಬ್ಬರಿಗೂ ಸಮಪಾಲು ಎಂದರೆ ಎಸೆತಗಾರರನ್ನು ಗೇಟಿನಾಚೆ ನಿಲ್ಲಿಸಿದಂತೆಯೇ ಸರಿ.

ಆದ್ದರಿಂದ ಬಾಡಿಗೆಯನ್ನು ಗಳಿಕೆಗೆ ಜೋಡಿಸಬೇಕು. ಪ್ರತಿ ಪಂದ್ಯಕ್ಕೆ ಒಂದು ನಿಗದಿತ ಮೊತ್ತ, ಅದರ ಮೇಲೆ ಟಿಕೆಟ್ ಆದಾಯದಲ್ಲಿ ಒಂದು ಪಾಲು. ಪಂದ್ಯದ ನಂತರ ಹುಲ್ಲನ್ನು ಸರಿಪಡಿಸುವ ವೆಚ್ಚ ಕ್ಲಬ್‌ನದು. ಎಸೆತಗಾರರಿಗೆ ಮೀಸಲಾದ ದಿನ ಮತ್ತು ಗಂಟೆಗಳನ್ನು ಒಪ್ಪಂದದಲ್ಲೇ ಬರೆಯಬೇಕು; ಅಧಿಕಾರಿಗಳ ಮೌಖಿಕ ಭರವಸೆಯನ್ನು ನಂಬಿ ಕೂರುವಂತಾಗಬಾರದು. ಬಂದ ಬಾಡಿಗೆ ಸರ್ಕಾರದ ಬೊಕ್ಕಸದಲ್ಲಿ ಕರಗಿಹೋಗದೆ ಸಿಂಥೆಟಿಕ್ ಟ್ರ್ಯಾಕ್‌ನ ದುರಸ್ತಿಗೆ ಹೋಗಬೇಕು. ಇದು ಫುಟ್‌ಬಾಲ್ ಮೇಲಿನ ಸಿಟ್ಟಲ್ಲ, ನನಗೆ ಫುಟ್‌ಬಾಲ್ ಎಂದರೆ ಪ್ರಾಣ. ಕ್ಲಬ್‌ಗೂ ಸೋಲಿನ ವರ್ಷ ಬರಬಹುದು; ಗಳಿಕೆಗೆ ಜೋಡಿಸಿದ ಬಾಡಿಗೆ ಆಗ ಅದನ್ನೂ ಉಳಿಸುತ್ತದೆ.

ಕ್ರೀಡಾ ಇಲಾಖೆಯು ಇಂಥ ಒಪ್ಪಂದಗಳನ್ನು ಸಹಿಯಾದ ದಿನವೇ ತನ್ನ ಜಾಲತಾಣದಲ್ಲಿ ಪೂರ್ತಿಯಾಗಿ ಪ್ರಕಟಿಸಲಿ. ಮ್ಯೂನಿಕ್‌ನ ಉದಾಹರಣೆ ಕೊಟ್ಟ ಓದುಗರೂ ಈ ಬೇಡಿಕೆಗೆ ದನಿಗೂಡಿಸಬೇಕೆಂದು ಕೋರುತ್ತೇನೆ.

– ದಾವಣಗೆರೆ ಮೂಲದ ಓದುಗ, ಗೀಸಿಂಗ್, ಮ್ಯೂನಿಕ್